ಇಸುಜು ವಿ-ಕ್ರಾಸ್ ಹಿಂದೆ 1,800 ಕೆಜಿ ಕ್ಯಾಂಪರ್: ಏರಿಗೆ ಸೈ, ಇಳಿಜಾರಿಗೆ ಹುಷಾರು

ಇಸುಜುವಿನ ಪಿಕಪ್ ಗಾಡಿ ವಿ-ಕ್ರಾಸ್ ಬಗ್ಗೆ ಎಲ್ಲರೂ ಮೊದಲು ಕೇಳುವುದು ಒಂದೇ: 1.9 ಲೀಟರಿನ ಎಂಜಿನ್ ಅಷ್ಟು ದೊಡ್ಡ ಡಬ್ಬಿ ಎಳೆದೀತಾ? ಎಳೆಯುತ್ತದೆ. 163 ಅಶ್ವಶಕ್ತಿ, 360 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ಪೂರ್ತಿ ಸಿಗುವುದು 2,000ದಿಂದ 2,500 ಆರ್‌ಪಿಎಂ ನಡುವೆ, ಅಂದರೆ ಹೆದ್ದಾರಿಯಲ್ಲಿ ಭಾರ ಎಳೆಯುವಾಗ ಸೂಜಿ ಹೇಗೂ ನಿಲ್ಲುವ ಜಾಗದಲ್ಲೇ. ಹಾವೇರಿ, ರಾಣೆಬೆನ್ನೂರು ಕಡೆಯ ಹೆದ್ದಾರಿ 48ರಲ್ಲಿ ತುಂಬಿದ ಕ್ಯಾಂಪರ್ ಟ್ರೇಲರ್ (ಒಳಗೇ ಉಳಿದುಕೊಳ್ಳಬಹುದಾದ ಗಾಲಿಯ ಮೇಲಿನ ಮನೆ) ಕಟ್ಟಿಕೊಂಡು 80ರಲ್ಲಿ ಹೋಗಲು ಇದಕ್ಕೆ ತ್ರಾಸಿಲ್ಲ. ತ್ರಾಸು ಇರುವುದು ಬೇರೆ ಮೂರು ಕಡೆ: ಹಿಂದಿನ ಆಕ್ಸೆಲ್ ಮೇಲೆ ಬೀಳುವ ಭಾರ, ಯಲ್ಲಾಪುರ ದಾಟಿದ ಮೇಲೆ ಬರುವ ಅರಬೈಲು ಘಾಟಿಯ ಇಳಿಜಾರು, ಗದಗ–ಮುಂಡರಗಿ ಬಯಲಿನ ಅಡ್ಡಗಾಳಿ. ಎಂಜಿನ್ ನೋಡಿ ಗಾಡಿ ಆರಿಸುವವರು ಈ ಮೂರನ್ನು ಮರೆತುಬಿಡುತ್ತಾರೆ, ಆಮೇಲೆ ಗ್ಯಾರೇಜು ಸುತ್ತುತ್ತಾರೆ.

ಮೊದಲು ತೂಕ. ಬ್ರಿಟನ್ನಿನಲ್ಲಿ ಇದೇ 1.9 ಲೀಟರಿನ ಡಿ-ಮ್ಯಾಕ್ಸ್‌ಗೆ (ವಿ-ಕ್ರಾಸ್‌ನ ಅಲ್ಲಿನ ರೂಪ) ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕೆಜಿ, ಬ್ರೇಕ್ ಇಲ್ಲದ್ದಾದರೆ 750 ಕೆಜಿ ಎಂದು ಮಿತಿ ಇದೆ. ಅಂತರ್ಜಾಲದಲ್ಲಿ ಆ 3,500 ನೋಡಿ ಇಲ್ಲಿ ಟ್ರೇಲರ್ ಖರೀದಿಸುವವರಿದ್ದಾರೆ. ಅದು ಅಲ್ಲಿನ ಗಾಡಿಗೆ, ಅಲ್ಲಿನ ಸ್ಪ್ರಿಂಗಿಗೆ, ಅಲ್ಲಿ ಕಂಪನಿಯೇ ಕೊಡುವ ಟೋ ಬಾರಿಗೆ (ಟ್ರೇಲರ್ ಜೋಡಿಸಲು ಗಾಡಿಯ ಹಿಂದೆ ಕೂರಿಸುವ ಕಬ್ಬಿಣಕ್ಕೆ) ಸೇರಿದ ಅಂಕಿ. ನಮ್ಮ ಗಾಡಿಗೆ ಲೆಕ್ಕ ಆರ್‌ಸಿಯಿಂದ ಶುರುವಾಗಬೇಕು. ಅದರಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಉಳಿಯುವುದೇ ಗಾಡಿ ಹೊರಬಹುದಾದ ಭಾರ. ನಾಲ್ವರು ಕೂತರೆ 280 ಕೆಜಿ, ಟ್ರೇಲರಿನ ಮೂತಿ ಗಾಡಿಯ ಮೇಲೆ ಒತ್ತುವ ಭಾರ 150, ಜೋಡಣೆಯ ಅಂದರೆ ಹಿಚ್ಚಿನ ಕಬ್ಬಿಣ 30. ಹಿಂದಿನ ತೊಟ್ಟಿಯಲ್ಲಿ ಒಂದು ಸ್ಪ್ಯಾನರ್ ಇಡುವ ಮೊದಲೇ 460 ಕೆಜಿ ಆಯಿತು. ಕಳೆದು ಬಂದ ಸಂಖ್ಯೆಗೆ ಇದನ್ನು ಹೋಲಿಸಿ ನೋಡಿದ ಮೇಲೆ ಜನರೇಟರ್ ಎಲ್ಲಿಡಬೇಕು, ಯಾರನ್ನು ಮನೆಯಲ್ಲಿ ಬಿಡಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಟ್ರೇಲರಿನ ತೂಕಕ್ಕೆ ಬ್ರಿಟಿಷ್ ಕ್ಯಾರವಾನ್ ಬಳಗದವರು ಹೇಳುವ ಒಂದು ಅಂದಾಜಿದೆ: ಹೊಸಬರು ಎಳೆಯುವ ಗಾಡಿಯ ಖಾಲಿ ತೂಕದ 85 ಪ್ರತಿಶತ ದಾಟಬಾರದು. ಎರಡು ಟನ್ನಿನ ಗಾಡಿಗೆ ಅದು 1,700 ಕೆಜಿ. ಇಲ್ಲಿ ತೆಗೆದುಕೊಂಡಿರುವ 1,800 ಕೆಜಿ ಆ ಗೆರೆಯ ಆಚೆ ಒಂದು ಹೆಜ್ಜೆ. ಕೈ ಪಳಗಿದವರಿಗೆ ಇದು ಕೊನೆಯ ಮಿತಿ ಅಂತಲೇ ಇಟ್ಟುಕೊಳ್ಳಿ. ಎರಡು ಟನ್ ದಾಟುವ ಡಬ್ಬಿ ಮನಸ್ಸಿನಲ್ಲಿದ್ದರೆ ವಿ-ಕ್ರಾಸ್ ಬೇಡ.

ಮೂತಿ ಭಾರವೆಂದರೆ ಟ್ರೇಲರಿನ ಮುಂತುದಿಯ ಬಟ್ಟಲಿನಂಥ ಕಪ್ಲರ್, ಟೋ ಬಾರಿನ ಗುಂಡಿನ ಅಂದರೆ ಟೋ ಬಾಲಿನ ಮೇಲೆ ಕೆಳಮುಖವಾಗಿ ಒತ್ತುವ ಭಾರ. ಯುರೋಪಿನವರು ತುಂಬಿದ ತೂಕದ 5ರಿಂದ 7 ಪ್ರತಿಶತ ಅನ್ನುತ್ತಾರೆ, ಅಮೆರಿಕದವರು 10ರಿಂದ 15. 1,800 ಕೆಜಿಗೆ 7 ಪ್ರತಿಶತ ಹಿಡಿದರೆ 126 ಕೆಜಿ, 10 ಹಿಡಿದರೆ 180. ನಮ್ಮ ರಸ್ತೆಯ ಗುಂಡಿಗಳಿಗೆ, ಈ ಗಾಡಿಯ ಬೆನ್ನಿಗೆ 140–150 ಹೊಂದುತ್ತದೆ. ಆದರೆ ಟೋ ಬಾರಿನ ಮೇಲೆ ಒತ್ತಿರುವ ‘ಎಸ್’ ಅಂಕಿ (ಆ ಬಾರ್ ಹೊರಬಹುದಾದ ಗರಿಷ್ಠ ಮೂತಿ ಭಾರ) ಅದಕ್ಕಿಂತ ಕಡಿಮೆ ಇದ್ದರೆ ಆ ಅಂಕಿಯೇ ಮಿತಿ. ಚಕ್ಕಡಿಗೆ ಹೇರು ಹಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಹೇರು ಹಿಂದೆ ಜಾಸ್ತಿಯಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಜಾಸ್ತಿಯಾದರೆ ಹೆಗಲು ಕುಸಿಯುತ್ತದೆ.

ಈ ಹೆಗಲು ಕುಸಿಯುವ ಲೆಕ್ಕ ನೋಡಿ. ವಿ-ಕ್ರಾಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸೆಲುಗಳ ನಡುವಿನ ಅಂತರ, 3,095 ಮಿಲಿಮೀಟರ್. ಟೋ ಬಾಲ್ ಹಿಂದಿನ ಆಕ್ಸೆಲಿನಿಂದ ಹೆಚ್ಚುಕಮ್ಮಿ ಒಂದೂಕಾಲು ಮೀಟರ್ ಹಿಂದಿದೆ ಎಂದಿಟ್ಟುಕೊಂಡರೆ, 150 ಕೆಜಿ ಮೂತಿ ಭಾರ ಹಿಂದಿನ ಆಕ್ಸೆಲ್ ಮೇಲೆ 210 ಕೆಜಿಯಾಗಿ ಬೀಳುತ್ತದೆ; ಮುಂದಿನ ಆಕ್ಸೆಲಿನಿಂದ 60 ಕೆಜಿ ಎತ್ತಿಬಿಡುತ್ತದೆ. ಸ್ಟೇರಿಂಗ್ ಹಗುರವಾಗುವುದು, ರಾತ್ರಿ ಎದುರಿನವರು ಡಿಪ್ ಮಾಡಿ ಎಂದು ಲೈಟು ಹೊಡೆಯುತ್ತಲೇ ಇರುವುದು, ಮಳೆಯಲ್ಲಿ ಮುಂದಿನ ಗಾಲಿ ಜಾರಿದಂತಾಗುವುದು ಎಲ್ಲವೂ ಆ 60 ಕೆಜಿಯ ಕೆಲಸ. ಗ್ಯಾರೇಜಿಗೆ ಹೋದರೆ ಹಿಂದೆ ಒಂದು ಕಮಾನ್ ಪಾಟಾ ಹೆಚ್ಚಿಗೆ ಹಾಕುತ್ತಾರೆ. ಗಾಡಿ ಸಪಾಟಾಗಿ ನಿಲ್ಲುತ್ತದೆ, ನೋಡಲು ಚಂದ. ಮುಂದಿನ ಆಕ್ಸೆಲಿಗೆ ಕಳೆದುಹೋದ ಭಾರ ಮಾತ್ರ ಇದರಿಂದ ವಾಪಸ್ ಬರುವುದಿಲ್ಲ, ಆರ್‌ಸಿಯಲ್ಲಿನ ಮಿತಿಯೂ ಏರುವುದಿಲ್ಲ. ಖಾಲಿ ಓಡಿಸುವಾಗ ಬೆನ್ನು ಕುಲುಕುವುದು ಬೇರೆ.

ಅಳೆಯಲು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಸುತ್ತಮುತ್ತ ವೇಬ್ರಿಜ್ ಕಾಟಾಗಳಿಗೆ ಕೊರತೆಯಿಲ್ಲ. ಪಿಕಪ್ ಮಾತ್ರ ಒಮ್ಮೆ, ಟ್ರೇಲರ್ ಜೋಡಿಸಿ ಪಿಕಪ್ಪಿನ ನಾಲ್ಕು ಗಾಲಿ ಮಾತ್ರ ಪ್ಲೇಟಿನ ಮೇಲೆ ಬರುವಂತೆ ಒಮ್ಮೆ, ಜೋಡಿಸಿದಂತೆಯೇ ಟ್ರೇಲರಿನ ಗಾಲಿ ಮಾತ್ರ ಮೇಲಿಟ್ಟು ಒಮ್ಮೆ ತೂಗಿಸಿ. ಎರಡನೆಯದರಿಂದ ಮೊದಲನೆಯದು ಕಳೆದರೆ ಮೂತಿ ಭಾರ. ಅದಕ್ಕೆ ಮೂರನೆಯದನ್ನು ಕೂಡಿದರೆ ಟ್ರೇಲರಿನ ಪೂರ್ತಿ ತೂಕ. ಲಾರಿ ಕಾಟಾ ಸಣ್ಣ ಅಂತರವನ್ನು ಸರಿಯಾಗಿ ತೋರಿಸುವುದಿಲ್ಲವಾದ್ದರಿಂದ ಮೂತಿ ಭಾರವನ್ನು ಮನೆಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಬೇಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಮನುಷ್ಯರ ತೂಕದ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದು ಅಡಿಗೆ ಕಪ್ಲರ್ ಕೂರಬೇಕು, ಅಲ್ಲಿಂದ ಎರಡು ಅಡಿ ಆಚೆ ಯಂತ್ರ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಗಾಲಿಗೆ ಅಡ್ಡಗಟ್ಟೆ ಇಡದೆ ಇದನ್ನು ಮಾಡಬೇಡಿ. ಇನ್ನು, ನೀರಿನ ಟ್ಯಾಂಕು ಎಲ್ಲಿದೆ ನೋಡಿ. ನೂರು ಲೀಟರ್ ಅಂದರೆ ನೂರು ಕೆಜಿ. ಟ್ಯಾಂಕು ಆಕ್ಸೆಲಿನ ಹಿಂದಿದ್ದರೆ ತುಂಬಿದಾಗೊಂದು ಮೂತಿ ಭಾರ, ಖಾಲಿಯಾದಾಗ ಇನ್ನೊಂದು. ಎರಡು ಸ್ಥಿತಿಯಲ್ಲೂ ಅಳೆಯಬೇಕು.

ಹಿಚ್ ವಿಷಯಕ್ಕೆ ಹುಬ್ಬಳ್ಳಿಯಲ್ಲಿ ಒಂದು ಅನುಕೂಲವಿದೆ, ಅದೇ ಅಪಾಯವೂ ಹೌದು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರುಗಳು ಗೋಕುಲ ರಸ್ತೆಯಿಂದ ತಾರಿಹಾಳದವರೆಗೆ ಸಿಗುತ್ತಾರೆ, ಕೈ ಕೆಲಸ ಚೊಕ್ಕ. ಆದರೆ ಅವರಿಗೆ ಗೊತ್ತಿರುವುದು ಪಿನ್ ಹಾಕುವ ಜೋಡಣೆ. ಅದರಲ್ಲಿ ಸಡಿಲು ಇರುತ್ತದೆ. ನಿಧಾನ ಹೋಗುವ ಟ್ರ್ಯಾಕ್ಟರಿಗೆ ಅದು ನಡೆಯುತ್ತದೆ, 80ರಲ್ಲಿ ಹೋಗುವ ಗಾಡಿಗೆ ಪ್ರತಿ ಬ್ರೇಕಿಗೂ ಸುತ್ತಿಗೆ ಏಟು ಬಿದ್ದಂತೆ. “ದಪ್ಪ ಪ್ಲೇಟ್ ಹಾಕಿ ಚಾಸಿಗೇ ವೆಲ್ಡ್ ಹೊಡದ್ಬಿಡ್ತೀನ್ರೀ, ಏನೂ ಆಗೂದಿಲ್ಲ” ಎನ್ನುವ ಮಾತಿಗೆ ಒಪ್ಪಬೇಡಿ. ಚಾಸಿಯ ಉಕ್ಕು ವೆಲ್ಡಿಂಗ್ ಶಾಖಕ್ಕೆ ಗುಣ ಬದಲಿಸಿಕೊಳ್ಳುತ್ತದೆ, ಬಿರುಕು ಬರುವುದು ವೆಲ್ಡಿನಲ್ಲಿ ಅಲ್ಲ, ಅದರ ಪಕ್ಕದ ಅಂಚಿನಲ್ಲಿ. ಟೋ ಬಾರ್ ಏನಿದ್ದರೂ ಚಾಸಿಯ ಎರಡೂ ಉದ್ದ ಹಳಿಗಳಿಗೆ 10.9 ದರ್ಜೆಯ ಬೋಲ್ಟಿನಿಂದ ಕೂರಬೇಕು, ಬಂಪರಿಗಂತೂ ಅಲ್ಲವೇ ಅಲ್ಲ.

ಕೊಳ್ಳುವಾಗ ‘ಡಿ’ ಅಂಕಿ, ಅಂದರೆ ಜೋಡಣೆ ಎಷ್ಟು ಎಳೆತ ತಡೆಯುತ್ತದೆ ಎಂಬ ಅಳತೆ, ಕೇಳಿ. ಎಳೆಯುವ ಗಾಡಿಯ ತುಂಬಿದ ತೂಕ 2.5 ಟನ್, ಟ್ರೇಲರಿನದು 1.8 ಟನ್ ಎಂದಾದರೆ, ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ 10.3 ಕಿಲೋನ್ಯೂಟನ್ ಬರುತ್ತದೆ. ಬಾರ್ ಮತ್ತು ಬಾಲ್ ಎರಡರ ಮೇಲೂ ಇದಕ್ಕಿಂತ ಹೆಚ್ಚಿನ ಅಂಕಿ ಒತ್ತಿರಬೇಕು. ಏನೂ ಒತ್ತಿಲ್ಲದ, ಬರೀ ಕ್ರೋಮ್ ಹೊಳೆಯುವ ಬಾಲ್ ಬೈಕ್ ಟ್ರೇಲರಿಗೆ ಸಾಕು. ಅಳತೆಯೂ ಮುಖ್ಯ: ಯುರೋಪಿನ ಕಪ್ಲರಿಗೆ 50 ಮಿಲಿಮೀಟರ್ ಬಾಲ್, ಅಮೆರಿಕದ ಎರಡು ಇಂಚಿನದ್ದು 50.8. ಆ 0.8 ಏನು ಮಹಾ ಎನ್ನಬೇಡಿ. ಒಂದರಲ್ಲಿ ಬಿಗಿದು ಸಿಕ್ಕಿಕೊಳ್ಳುತ್ತದೆ, ಇನ್ನೊಂದರಲ್ಲಿ ಲಟಲಟ ಎನ್ನುತ್ತದೆ. ಒಂದೂ ಮುಕ್ಕಾಲು ಇಂಚಿಗಿಂತ ಸ್ವಲ್ಪ ದೊಡ್ಡದಾದ 47.6 ಮಿಲಿಮೀಟರಿನ ಬಾಲೂ ಬರುತ್ತದೆ, ಅದರ ಮೇಲೆ 50ರ ಕಪ್ಲರ್ ಕೂತಂತೆ ಕಾಣುತ್ತದೆ, ದೊಡ್ಡ ಗುಂಡಿಗೆ ಎಗರಿ ಕಳಚುತ್ತದೆ. ಲಾಕ್ ಹಾಕಿದ ಮೇಲೆ ಜಾಕಿ ಗಾಲಿಯಿಂದ ಟ್ರೇಲರನ್ನು ಎತ್ತಿ ನೋಡಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಏಳಬೇಕು. ಇದಕ್ಕಿಂತ ನಂಬಿಗಸ್ತ ಪರೀಕ್ಷೆ ಇನ್ನೊಂದಿಲ್ಲ.

ಇನ್ನು ಬ್ರೇಕ್. ಈ ವಿಮರ್ಶೆಯಲ್ಲಿ ವಿ-ಕ್ರಾಸ್‌ಗೆ ಅಂಕ ಕಡಿಮೆಯಾಗುವುದು ಇಲ್ಲೇ.

2.5 ಟನ್ ಗಾಡಿ, 1.8 ಟನ್ ಟ್ರೇಲರ್, ಒಟ್ಟು 4.3 ಟನ್. ಇದು ನೂರು ಮೀಟರ್ ಎತ್ತರ ಇಳಿದರೆ ಸುಮಾರು 42 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಪಿಕಪ್ಪಿನ ಬ್ರೇಕಿಗೆ ತನ್ನ ಕೆಲಸದ ಮೇಲೆ ಇನ್ನೂ 72 ಪ್ರತಿಶತ ಹೊರೆ. ವಿ-ಕ್ರಾಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ ಒಮ್ಮೆ ಕಾದರೆ ತಣಿಯುವುದು ನಿಧಾನ. ಅದರ ಮೇಲೆ ಡೀಸೆಲ್ ಎಂಜಿನ್ನು, ಅದೂ 1.9 ಲೀಟರಿನದ್ದು: ಗಾಡಿಯನ್ನು ಗೇರಿನಲ್ಲಿ ತಡೆದು ಹಿಡಿಯುವ ಶಕ್ತಿ ಎಂಜಿನ್ನಿನ ಗಾತ್ರದ ಮೇಲೆ ನಿಂತಿದೆ, ಟರ್ಬೊ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಏರುವಾಗ 2.5 ಲೀಟರಿನಂತೆ ವರ್ತಿಸುವ ಎಂಜಿನ್ ಇಳಿಯುವಾಗ 1.9 ಆಗಿಬಿಡುತ್ತದೆ. ಟೊಯೋಟಾ ಹೈಲಕ್ಸ್‌ನ 2.8 ಲೀಟರಿನ ಎಂಜಿನ್ನಿಗೂ ಇದಕ್ಕೂ ನಿಜವಾದ ಅಂತರ ಕಾಣುವುದು ಘಾಟಿ ಇಳಿಯುವಾಗಲೇ.

ಹಾಗಾಗಿ ಅರಬೈಲಿನ ತಲೆಯಲ್ಲೇ ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಬೇಕು, ಇಳಿಜಾರಿನ ಮಧ್ಯದಲ್ಲಲ್ಲ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿನಲ್ಲಿ ಗೇರ್ ಹಿಡಿದಿಡಿ. ಆರ್‌ಪಿಎಂ 3,500ರ ಸುತ್ತ ಏರಿದರೆ ಗಾಬರಿ ಬೇಡ, ಎಂಜಿನ್ ಕೂಗಿದರೆ ಕೂಗಲಿ. ಬ್ರೇಕನ್ನು ಸವರುತ್ತ ಹೋಗುವುದಕ್ಕಿಂತ ಗಟ್ಟಿಯಾಗಿ ಒತ್ತಿ ವೇಗ 15–20 ಇಳಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡುವುದು ಒಳ್ಳೆಯದು. ಫೋರ್ ಲೋ (ನಾಲ್ಕೂ ಗಾಲಿಗೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿ ಇಳಿದರೆ ಹೇಗೆ ಎಂದು ಕೇಳುತ್ತಾರೆ. ಒಣ ಡಾಂಬರಿನ ಮೇಲೆ ಬೇಡ. ಇದರ ಫೋರ್ ವೀಲ್ ಡ್ರೈವಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಸುತ್ತಬೇಕು, ಸುತ್ತಲಾಗದೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ.

ಟ್ರೇಲರಿಗೆ ಎರಡು ಬಗೆಯ ಬ್ರೇಕ್ ಸಿಗುತ್ತವೆ. ಓವರ್‌ರನ್ ಎಂದರೆ ಟ್ರೇಲರ್ ಮುಂದಕ್ಕೆ ತಳ್ಳಿದಾಗ ಕಪ್ಲರ್ ಒಳಸರಿದು ತಾನೇ ಬ್ರೇಕ್ ಹಿಡಿಯುವಂಥದ್ದು. ಸರಳ, ವೈರಿಂಗ್ ಬೇಡ, ಬಯಲು ಸೀಮೆಗೆ ಚೆನ್ನ. ಆದರೆ ಉದ್ದದ ಘಾಟಿಯಲ್ಲಿ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ಅದರ ಬ್ರೇಕೂ ಹಿಡಿದೇ ಇರುತ್ತದೆ, ಬಿಡುವೇ ಸಿಗದೆ ಡ್ರಮ್ ಕಾಯುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಆದರೆ ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್ ಕೂರುತ್ತದೆ, ನಾವು ಒತ್ತಿದಾಗಷ್ಟೇ ಹಿಡಿಯುತ್ತದೆ, ಬೇಕಾದರೆ ಟ್ರೇಲರಿನ ಬ್ರೇಕ್ ಮಾತ್ರ ಕೈಯಿಂದ ಹಾಕಬಹುದು. ಪಶ್ಚಿಮ ಘಟ್ಟ ಇಳಿಯುವವರಿಗೆ ಇದೇ ಸರಿ, ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ. ಪ್ರತಿ ಗಾಲಿಯಲ್ಲಿ ಬ್ರೇಕ್ ಹಿಡಿಸುವ ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ತೆಳು ವೈರ್ ಹಾಕಿದರೆ ವೋಲ್ಟೇಜ್ ಬಿದ್ದು ಬ್ರೇಕ್ ಸೋಲುತ್ತದೆ, ಕಂಟ್ರೋಲರ್ ಮಾತ್ರ ಎಲ್ಲ ಸರಿಯಿದೆ ಅನ್ನುತ್ತಿರುತ್ತದೆ. ಗೇನ್, ಅಂದರೆ ಟ್ರೇಲರಿನ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಎಂಬ ಮಟ್ಟ, ಹೊಂದಿಸಲು ಸಪಾಟು, ಖಾಲಿ ರಸ್ತೆಯಲ್ಲಿ 35–40ರ ವೇಗದಲ್ಲಿ ಕೈ ಲಿವರ್ ಪೂರ್ತಿ ಒತ್ತಿ, ಗಾಲಿ ಲಾಕ್ ಆಗುವ ಮಟ್ಟಕ್ಕೆ ಏರಿಸಿ, ಅಲ್ಲಿಂದ ಒಂದು ಹಂತ ಇಳಿಸಿ. ಮಳೆಗಾಲಕ್ಕೆ ಇನ್ನೂ ಒಂದು ಹಂತ. ಟ್ರೇಲರ್ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಕೇಬಲನ್ನು ಚಾಸಿಗೆ ಸೇರಿದ ಕೊಂಡಿಗೆ ಹಾಕಬೇಕು. ಬಾಲಿನ ಕುತ್ತಿಗೆಗೆ ಸುತ್ತಿದರೆ ಬಾಲೇ ಕಿತ್ತು ಬಂದ ದಿನ ಅದೂ ಜೊತೆಗೇ ಹೋಗುತ್ತದೆ.

ಗಾಳಿಗೆ ಬರೋಣ. ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರಗಳನ್ನು ಯಾರೂ ಶೋಕಿಗೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಗದಗ–ಮುಂಡರಗಿ ರಸ್ತೆಗೆ ಅಡ್ಡ ಬೀಸುತ್ತದೆ. 12 ಚದರ ಮೀಟರಿನ ಡಬ್ಬಿ ಗೋಡೆಗೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಕೊಡುವ ತಳ್ಳು ಸುಮಾರು 150 ಕೆಜಿ ಭಾರದಷ್ಟು. ಗಾಳಿ ದುಪ್ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಹೆದ್ದಾರಿಯಲ್ಲಿ ಸ್ಲೀಪರ್ ಬಸ್ಸು ಪಕ್ಕದಿಂದ ದಾಟುವಾಗಲೂ ಇದೇ ಆಟ: ಬಸ್ಸಿನ ಮೂತಿ ಬಂದಾಗ ಟ್ರೇಲರನ್ನು ಆಚೆ ತಳ್ಳುತ್ತದೆ, ನಡುಭಾಗ ಬಂದಾಗ ಈಚೆ ಎಳೆಯುತ್ತದೆ. ಮೂತಿ ಭಾರ ಸರಿಯಿದ್ದರೆ ಒಂದೆರಡು ಓಲಾಟಕ್ಕೆ ನಿಲ್ಲುತ್ತದೆ. ಹಿಂದಿನ ಡಿಕ್ಕಿಯಲ್ಲಿ ಬ್ಯಾಟರಿ, ಸ್ಟೆಪ್ನಿ, ಗ್ಯಾಸ್ ಸಿಲಿಂಡರ್ ತುರುಕಿದ್ದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಓಲಾಟ ಶುರುವಾದಾಗ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡಿಯಿರಿ, ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಟ್ರೇಲರಿನದ್ದು ಮಾತ್ರ ಮೆಲ್ಲಗೆ ಹಾಕಿ. ಪಿಕಪ್ಪಿನ ಬ್ರೇಕ್ ಜೋರಾಗಿ ಒತ್ತಿದರೆ ಮುಂದಿನದು ನಿಲ್ಲುತ್ತದೆ, ಹಿಂದಿನದು ನಿಲ್ಲುವುದಿಲ್ಲ, ಕತ್ತರಿ ಮಡಚಿದಂತೆ ಎರಡೂ ಮಡಚಿಕೊಳ್ಳುತ್ತವೆ. ವಿ-ಕ್ರಾಸ್‌ನ ಉದ್ದ ವೀಲ್‌ಬೇಸ್ ಇಲ್ಲಿ ದೊಡ್ಡ ಆಸ್ತಿ. ಗಿಡ್ಡ ಎಸ್‌ಯುವಿಗಳಿಗಿಂತ ಇದು ಗಟ್ಟಿಯಾಗಿ ನೆಲ ಹಿಡಿಯುತ್ತದೆ. 80 ದಾಟದಿದ್ದರೆ ಸಾಕು, ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ? ಆಟೊಮ್ಯಾಟಿಕ್. ಏರಿನಲ್ಲಿ ರಿವರ್ಸ್ ಹಾಕಿ ಟ್ರೇಲರನ್ನು ಜಾಗಕ್ಕೆ ಕೂರಿಸುವಾಗ ಮ್ಯಾನುಯಲ್ಲಿನ ಕ್ಲಚ್ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ. ಆಟೊಮ್ಯಾಟಿಕ್ಕಿನ ಶತ್ರು ಗೇರ್ ಎಣ್ಣೆಯ ಬಿಸಿ: ಮೇಲಿಂದ ಮೇಲೆ ಗೇರ್ ಬದಲಿಸುತ್ತಿದ್ದರೆ ಟಾರ್ಕ್ ಕನ್ವರ್ಟರ್ ಜಾರುತ್ತ ಕಾಯುತ್ತದೆ. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಹಿಡಿದಿಟ್ಟು, ಎಣ್ಣೆಯನ್ನು ಕಂಪನಿಯ ಕೈಪಿಡಿ ಕಷ್ಟದ ಬಳಕೆಗೆ ಹೇಳಿದ ಅವಧಿಗೆ ಬದಲಿಸಿ. ಮೈಲೇಜ್ ಲೀಟರಿಗೆ 6–8 ಕಿಲೋಮೀಟರಿನಷ್ಟಕ್ಕೆ ಇಳಿಯುತ್ತದೆ. ತಪ್ಪು ತೂಕದ್ದಲ್ಲ, ಚೌಕಾಕಾರದ ಮುಖ ಗಾಳಿ ಸೀಳುವುದರದ್ದು. ಹೈಲಕ್ಸ್ ಆಟೊಮ್ಯಾಟಿಕ್ 500 ನ್ಯೂಟನ್ ಮೀಟರ್ ಕೊಡುತ್ತದೆ, ಹಿಂದಿನ ಡಿಫರೆನ್ಷಿಯಲ್ ಲಾಕ್ ಕೂಡ ಇದೆ, ಬೆಲೆಯೂ ಹಾಗೇ ಇದೆ. ವರ್ಷವಿಡೀ ಗೋವಾ, ಕಾರವಾರ ಎಂದು ಘಾಟಿ ಇಳಿಯುವವರಿಗೆ ಆ ಹೆಚ್ಚಿನ ಹಣ ವಸೂಲಾಗುತ್ತದೆ. ಹೆಚ್ಚಾಗಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಗದಗ ಜಿಲ್ಲೆಯ ಮಾಗಡಿ ಕೆರೆ, ಹಳಿಯಾಳ ಮೇಲೆ ದಾಂಡೇಲಿ ಇಷ್ಟೇ ಓಡಾಟವಾದರೆ ವಿ-ಕ್ರಾಸ್ ಸಾಕು.

ವೈರಿಂಗಿನಲ್ಲಿ ಕೆಡುವುದು ಬಹುಪಾಲು ಒಂದೇ, ಏಳು ಪಿನ್ ಸಾಕೆಟ್ಟಿನ ಮೂರನೇ ಪಿನ್, ಬಿಳಿ ವೈರ್, ಅರ್ಥ್. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕಿದರೆ ಮೊದಲು ಅದನ್ನೇ ತಿಕ್ಕಿ ಸ್ವಚ್ಛ ಮಾಡಿ. ಟ್ರೇಲರಿನ ಬ್ಯಾಟರಿಗೆ ಗಾಡಿಯಿಂದ ಚಾರ್ಜ್ ಕೊಡುವುದಾದರೆ ವೈರಿನ ದಪ್ಪ ನೋಡಬೇಕು: ಏಳು ಮೀಟರ್ ದೂರಕ್ಕೆ 20 ಆಂಪಿಯರ್ ಹರಿದರೆ 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹೋಗಿಬರುವಷ್ಟರಲ್ಲಿ ಎರಡು ವೋಲ್ಟ್ ಮಾಯ, 16ರಲ್ಲಿ ಮೂರನೇ ಒಂದು ವೋಲ್ಟ್ ಮಾತ್ರ.

ನೋಂದಣಿಯೂ ಪ್ರತ್ಯೇಕ. 750 ಕೆಜಿ ದಾಟಿ 3,500ರವರೆಗಿನ ಟ್ರೇಲರ್ ಟಿ2 ವರ್ಗಕ್ಕೆ ಸೇರುತ್ತದೆ. ಮಾರುವವರು ಟೈಪ್ ಅಪ್ರೂವಲ್ (ಆ ಮಾದರಿಗೆ ಮಾನ್ಯತೆ ಸಿಕ್ಕಿದೆ ಎಂಬ) ಕಾಗದ ತೋರಿಸದಿದ್ದರೆ ಮುಂಗಡ ಕೊಡಬೇಡಿ, ಆರ್‌ಟಿಒ ಕಚೇರಿಯಲ್ಲಿ ಅದಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ.

ಟೈರ್: ಒಂದೇ ಆಕ್ಸೆಲಿನ ಟ್ರೇಲರಿಗೆ ಪ್ರತಿ ಟೈರ್ ಮೇಲೆ 800–900 ಕೆಜಿ ಬೀಳುತ್ತದೆ. ಟೈರ್ ಎಷ್ಟು ಭಾರ ಹೊರುತ್ತದೆ ಎಂದು ಹೇಳುವ ಲೋಡ್ ಇಂಡೆಕ್ಸ್ 104 ಎಂದರೆ ಸರಿಯಾಗಿ 900, ಅಂಚಿನಲ್ಲಿ ನಿಂತಂತೆ. 109 ಹಾಕಿದರೆ 1,030 ಸಿಗುತ್ತದೆ. ಕ್ಯಾಂಪರ್ ಟೈರು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಹಳತಾಗಿ ಹಾಳಾಗುವುದು ಹೆಚ್ಚು. ಪಕ್ಕದಲ್ಲಿ 2322 ಎಂದಿದ್ದರೆ 2022ರ 23ನೇ ವಾರದ್ದು. ಐದಾರು ವರ್ಷವಾದರೆ ಗೆರೆ ಎಷ್ಟು ಉಳಿದಿದ್ದರೂ ಬದಲಿಸಿ. ಹುಬ್ಬಳ್ಳಿಯಿಂದ ಹೊರಟು 40 ಕಿಲೋಮೀಟರಿಗೆ ಕಲಘಟಗಿ ದಾಟಿ ಎಲ್ಲಾದರೂ ನಿಲ್ಲಿಸಿ ಹಬ್ ಹತ್ತಿರ ಕೈ ಒಡ್ಡಿ. ಒಂದು ಬದಿ ಮಾತ್ರ ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಆ ಗಾಲಿಯ ಬ್ರೇಕ್ ಬಿಟ್ಟುಕೊಡುತ್ತಿಲ್ಲ.

ಕೊನೆಗೆ ನಿಲ್ಲಿಸುವ ಜಾಗ. ನಮ್ಮ ಕಡೆ ಎರಿ ಹೊಲ ಬೇಸಿಗೆಯಲ್ಲಿ ಸಿಮೆಂಟಿನಂತೆ ಗಟ್ಟಿ ಕಾಣುತ್ತದೆ, ರಾತ್ರಿ ಒಂದು ಮಳೆ ಬಿದ್ದರೆ ಬೆಳಗ್ಗೆ ಟ್ರೇಲರಿನ ಗಾಲಿ ರಿಮ್‌ವರೆಗೆ ಒಳಗೆ. ಗರಸು ಹಾಕಿದ ಜಾಗ ಅಥವಾ ಮಸಾರಿ ನೆಲ ಹುಡುಕಿ, ಜಾಕಿ ಗಾಲಿಯ ಕೆಳಗೆ ಒಂದಡಿ ಚೌಕದ ಹಲಗೆ ಇಡಿ. ಹೂತಾಗ ಜೋಡಿಸಿಕೊಂಡೇ ಎಳೆಯಲು ಹೋದರೆ ಪಿಕಪ್ಪೂ ಹೂಳುತ್ತದೆ. ಟ್ರೇಲರ್ ಕಳಚಿ, ಪಿಕಪ್ಪಿನ ಟೈರಿನ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಫೋರ್ ಲೋ ಹಾಕಿ ಗಟ್ಟಿ ನೆಲಕ್ಕೆ ಬನ್ನಿ. ಅಲ್ಲಿಂದ ಉದ್ದದ ಪಟ್ಟಿ ಹಾಕಿ, ಟ್ರೇಲರಿನ ಆಕ್ಸೆಲಿಗಲ್ಲ, ಚಾಸಿಗೆ ಕಟ್ಟಿ ನಿಧಾನ ಎಳೆಯಿರಿ. ಪಟ್ಟಿಯ ಆಸುಪಾಸು ಯಾರೂ ನಿಲ್ಲಬಾರದು. ಡಾಂಬರಿಗೆ ಬಂದ ಕೂಡಲೇ ಟೈರಿಗೆ ಗಾಳಿ ತುಂಬಿಸಿಕೊಳ್ಳಿ, ಬ್ರೇಕ್ ಡ್ರಮ್ಮಿನೊಳಗೆ ಸೇರಿದ ಎರಿ ಮಣ್ಣನ್ನು ಒಣಗುವ ಮೊದಲೇ ನೀರು ಬಿಟ್ಟು ತೊಳೆಯಿರಿ. ಒಣಗಿತೋ, ಡ್ರಮ್ ಬಿಚ್ಚದೆ ಅದು ಹೊರಬರುವುದಿಲ್ಲ.